ಒಕ್ಕಲು ಬೇಕಾಗಿದೆ
(ಬಾನುಲಿ ಭಾಷಣ)

ಊರು ಬಿಡುವುದಕ್ಕೆ ಕನ್ನಡದಲ್ಲಿ ಒಂದೇ ಮಾತು ಇಲ್ಲ. ಮಳೆ ಕೈಕೊಟ್ಟ ವರ್ಷ ರಾಯಚೂರು, ಕೊಪ್ಪಳದ ಕಡೆಯ ಜನ ಹೆಂಡಿರು ಮಕ್ಕಳೊಡನೆ ಗಂಟುಮೂಟೆ ಕಟ್ಟಿಕೊಂಡು ಹೊರಟರೆ ಅದು ಗುಳೆ. ಗುಳೆ ಹೋದವರ ಮನಸ್ಸು ಹಿಂದೆಯೇ ಉಳಿದಿರುತ್ತದೆ. ಬೀಗದ ಕೈ ನೆರೆಮನೆಯ ಮುದುಕಿಯ ಬಳಿ ಇರುತ್ತದೆ. ಮುಂಗಾರು ಕಂಡರೆ ಅವರು ತಿರುಗಿ ಬರುತ್ತಾರೆ. ವಲಸೆ ಎಂಬುದು ಇನ್ನೂ ಅಗಲವಾದ ಮಾತು. ಅದು ಹಕ್ಕಿಗೂ ಸಲ್ಲುತ್ತದೆ, ಮನುಷ್ಯನಿಗೂ ಸಲ್ಲುತ್ತದೆ. ಆದರೆ ಇವೆರಡೂ ಹೋಗುವವನ ಕಡೆಯಿಂದ ಹುಟ್ಟಿದ ಮಾತುಗಳು. ಬರಮಾಡಿಕೊಳ್ಳುವ ಊರಿನ ಕಡೆಯಿಂದ ಹುಟ್ಟಿದ ಮಾತು ಮೂರನೆಯದೊಂದಿದೆ: ಒಕ್ಕಲು. ಊರಿಗೆ ಒಕ್ಕಲಾಗಿ ಬಂದವನು ಕೂಲಿಗೆ ಬಂದು ಸಂಜೆಗೆ ಹೊರಡುವವನಲ್ಲ. ಅವನು ಒಲೆ ಹೂಡುತ್ತಾನೆ, ಊರ ಹಬ್ಬಕ್ಕೆ ವಂತಿಗೆ ಕೊಡುತ್ತಾನೆ, ಊರ ಜಗಳದಲ್ಲಿಯೂ ಪಾಲುಗೊಳ್ಳುತ್ತಾನೆ. ಹೊಸ ಮನೆಗೆ ಕಾಲಿಡುವುದನ್ನು ನಾವು 'ಮನೆ ಒಕ್ಕಲು' ಎನ್ನುತ್ತೇವೆ. ಬೇಸಾಯವನ್ನು 'ಒಕ್ಕಲುತನ' ಎನ್ನುತ್ತೇವೆ. ಇದ್ದವನನ್ನು ಕಿತ್ತು ಹೊರಗಟ್ಟುವುದನ್ನು 'ಒಕ್ಕಲೆಬ್ಬಿಸುವುದು' ಎನ್ನುತ್ತೇವೆ.

'ಒಕ್ಕಲು ಬೇಕಾಗಿದೆ' ಎಂದು ಬಾಗಿಲಿಗೆ ಹಲಗೆ ತೂಗುಹಾಕಿಕೊಂಡಿರುವ ಊರುಗಳು ಇಂದಿಗೂ ಪ್ರಪಂಚದಲ್ಲಿವೆ. ಅಂಥ ಊರುಗಳ ವಿಷಯವಾಗಿ, ಅದರಲ್ಲಿಯೂ ಕೆನಡಾ ದೇಶದ ಕೆಲವು ಪ್ರಾಂತಗಳ ವಿಷಯವಾಗಿ, ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ವಲಸೆಯ ಶಾಸ್ತ್ರ ಬಲ್ಲವನಲ್ಲ, ಮೇಷ್ಟರ ಕೆಲಸದಿಂದ ನಿವೃತ್ತನಾದವನು. ನನ್ನ ತಂಗಿಯ ಮಗ ಅಲ್ಲಿಗೆ ಒಕ್ಕಲು ಹೋದ; ಅವನ ಮನೆಯಲ್ಲಿ ಮೂರು ತಿಂಗಳು ಕುಳಿತು ಉಂಡು ಬಂದೆ. ಆ ಋಣಕ್ಕಾಗಿ ಈ ವಿಷಯವನ್ನು ಓದಿ ತಿಳಿದುಕೊಂಡೆ.

ಕೆನಡಾದ ಸಂವಿಧಾನದ ಮೂಲಶಾಸನ ೧೮೬೭ರದು. ಅದರ ೯೫ನೆಯ ವಿಧಿ ನನಗೆ ಬಹಳ ಹಿಡಿಸಿತು. ಕೇಂದ್ರ ಸರ್ಕಾರವೂ ಪ್ರಾಂತಗಳೂ ಎರಡೂ ಕಾನೂನು ಮಾಡಬಹುದಾದ ವಿಷಯಗಳೆಂದು ಆ ವಿಧಿ ಎರಡನ್ನು ಒಟ್ಟಿಗೆ ಹೆಸರಿಸುತ್ತದೆ: ಒಂದು ಬೇಸಾಯ, ಇನ್ನೊಂದು ವಲಸೆ. ಇವೆರಡನ್ನೂ ಒಂದೇ ವಿಧಿಯಲ್ಲಿ ಸೇರಿಸಿದ್ದೇಕೆಂದು ಒಬ್ಬ ಇಂಗ್ಲಿಷ್ ಓದುಗನಿಗೆ ಆಶ್ಚರ್ಯವಾಗಬಹುದು. ಕನ್ನಡಿಗನಿಗೆ ಆಗಲಾರದು. ಒಕ್ಕಲು, ಒಕ್ಕಲುತನ ಎರಡೂ ಒಂದೇ ಬೇರಿನವು ಎಂಬುದನ್ನು ಅವನ ನಾಲಗೆಯೇ ಬಲ್ಲದು.

ಆ ದೇಶದ ನಡುಭಾಗ ಹುಲ್ಲುಗಾವಲಿನ ಬಯಲು. ೧೮೭೧ರಿಂದ ಮೊದಲಾಗಿ ಅಲ್ಲಿಯ ಮೂಲನಿವಾಸಿಗಳೊಡನೆ ಒಂದರ ಮೇಲೊಂದು ಒಪ್ಪಂದ ಮಾಡಿಕೊಂಡು ಸರ್ಕಾರ ಆ ನೆಲವನ್ನು ತನ್ನದೆಂದಿತು. ತಲೆತಲಾಂತರದಿಂದ ಇದ್ದವರು ಮೀಸಲು ತುಂಡುಗಳಿಗೆ ಸರಿಯಬೇಕಾಯಿತು. ಒಕ್ಕಲು ಕರೆಯುವ ಕಥೆ ಹೀಗೆ ಒಕ್ಕಲೆಬ್ಬಿಸುವುದರಿಂದಲೇ ತೊಡಗಿತೆಂಬುದನ್ನು ಮರೆಯಬಾರದು. ೧೮೭೨ರಲ್ಲಿ ಭೂಮಿಯ ಕಾನೂನು ಬಂದಿತು. ಹತ್ತು ಡಾಲರು ಶುಲ್ಕ ಕಟ್ಟಿದವನಿಗೆ ೧೬೦ ಎಕರೆ. ಷರತ್ತು ಒಂದೇ: ಅಲ್ಲಿ ಮನೆ ಕಟ್ಟಬೇಕು, ನೆಲ ಉಳಬೇಕು, ಮೂರು ವರ್ಷ ನಿಲ್ಲಬೇಕು. ನಿಂತವನಿಗೆ ಪತ್ರ, ನಿಲ್ಲದವನಿಗೆ ಇಲ್ಲ. ೧೮೯೬ರಲ್ಲಿ ಒಳನಾಡಿನ ಮಂತ್ರಿಯಾದ ಕ್ಲಿಫರ್ಡ್ ಸಿಫ್ಟನ್ ಎಂಬಾತ ಈ ಕರೆಯನ್ನು ಯುರೋಪಿನ ಹಳ್ಳಿಹಳ್ಳಿಗೂ ಮುಟ್ಟಿಸಿದ. ಉಕ್ರೇನಿನ ರೈತರು ಹಡಗು ತುಂಬಿ ಬಂದರು. ಈತ ಮ್ಯಾನಿಟೋಬ ಪ್ರಾಂತದ ಬ್ರಾಂಡನ್ ಎಂಬ ಊರಿನಿಂದ ಪಾರ್ಲಿಮೆಂಟಿಗೆ ಆರಿಸಿಬಂದವನು. ಆ ಊರಿನ ಹೆಸರನ್ನು ನೆನಪಿಟ್ಟುಕೊಳ್ಳಿ; ಮತ್ತೆ ಅಲ್ಲಿಗೇ ಬರುತ್ತೇನೆ.

ಕರೆ ಎಲ್ಲರಿಗೂ ಇರಲಿಲ್ಲ. ೧೯೦೮ರಲ್ಲಿ ಒಂದು ನಿಯಮ ಮಾಡಿದರು: ಹುಟ್ಟಿದ ದೇಶದಿಂದ ಎಲ್ಲಿಯೂ ನಿಲ್ಲದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ. ಭಾರತದಿಂದ ಹಾಗೆ ನೇರವಾಗಿ ಹೋಗುವ ಹಡಗು ಇರಲಿಲ್ಲ. ನಮ್ಮ ಹೆಸರನ್ನು ಎತ್ತದೆಯೇ ನಮಗೆ ಬಾಗಿಲು ಹಾಕಿದ ಜಾಣತನ ಅದು. ೧೯೧೪ರ ಮೇ ತಿಂಗಳಲ್ಲಿ 'ಕೋಮಗಾಟ ಮಾರು' ಎಂಬ ಹಡಗು ೩೭೬ ಮಂದಿಯನ್ನು ಹೊತ್ತು ವ್ಯಾಂಕೂವರಿಗೆ ಬಂದು, ಎರಡು ತಿಂಗಳು ದಡ ಕಾಣುತ್ತ ನಿಂತು, ಕೊನೆಗೆ ಬಹುಮಟ್ಟಿಗೆ ಬಂದ ಹಾಗೆಯೇ ಹಿಂದಿರುಗಿದ್ದು ನಮ್ಮ ಚರಿತ್ರೆಯ ಪುಟಗಳಲ್ಲಿದೆ. ಹುಟ್ಟಿದ ದೇಶವನ್ನು ನೋಡದೆ ಓದು, ಕಸುಬು, ವಯಸ್ಸು, ಭಾಷೆಗಳಿಗೆ ಅಂಕ ಹಾಕಿ ಆರಿಸುವ ಪದ್ಧತಿ ಬಂದುದು ೧೯೬೭ರಲ್ಲಿ.

ಅಂಕದ ಪದ್ಧತಿ ಬಂದ ಮೇಲೆ ಹೊಸ ತೊಡಕೊಂದು ಕಾಣಿಸಿತು. ಅಂಕ ಪಡೆದು ಬಂದವರೆಲ್ಲ ಟೊರಾಂಟೊ, ಮಾಂಟ್ರಿಯಲ್, ವ್ಯಾಂಕೂವರುಗಳಿಗೇ ಹೋಗಿ ಸೇರುತ್ತಿದ್ದರು. ೧೯೯೦ರ ದಶಕದಲ್ಲಿ ಬಂದವರಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಜನ ಈ ಮೂರು ನಗರಗಳಲ್ಲಿಯೇ ಇದ್ದರು. ಬಯಲುನಾಡಿನ ಊರುಗಳಲ್ಲಿ ಹುಡುಗರು ಓದಿ ಹೊರಟುಹೋಗುತ್ತಿದ್ದರು, ಮುದುಕರು ಉಳಿಯುತ್ತಿದ್ದರು. ಕ್ವಿಬೆಕ್ ಪ್ರಾಂತ ತನ್ನ ಫ್ರೆಂಚ್ ನುಡಿಯನ್ನು ಉಳಿಸಿಕೊಳ್ಳಲು ತನ್ನ ವಲಸೆಗಾರರನ್ನು ತಾನೇ ಆರಿಸುವ ಅಧಿಕಾರವನ್ನು ಮೊದಲೇ ಪಡೆದುಕೊಂಡಿತ್ತು. ೧೯೯೮ರಲ್ಲಿ ಮ್ಯಾನಿಟೋಬ ಕೇಂದ್ರದೊಡನೆ ಬೇರೊಂದು ಬಗೆಯ ಒಪ್ಪಂದ ಮಾಡಿಕೊಂಡಿತು: 'ನಮಗೆ ಬೇಕಾದವರನ್ನು ನಾವು ಹೆಸರಿಸುತ್ತೇವೆ, ಆರೋಗ್ಯ, ನಡತೆಗಳನ್ನು ನೀವು ನೋಡಿ ಕಾಯಂ ವಾಸದ ಹಕ್ಕು ಕೊಡಿ.' ಪ್ರಾಂತದ ನಾಮನಿರ್ದೇಶನ ಎಂಬ ದಾರಿ ಹುಟ್ಟಿದ್ದು ಹೀಗೆ. ಇಂದು ಕ್ವಿಬೆಕ್ ಮತ್ತು ನೂನವೂಟ್ ಎಂಬ ಉತ್ತರದ ಸೀಮೆ ಇವೆರಡನ್ನು ಬಿಟ್ಟು ಉಳಿದ ಹನ್ನೊಂದು ಪ್ರಾಂತ, ಸೀಮೆಗಳಲ್ಲಿ ಈ ದಾರಿಯಿದೆ. ೨೦೧೫ರಿಂದ ಕೇಂದ್ರ ಸರ್ಕಾರ ಕುಶಲ ಕೆಲಸಗಾರರಿಗಾಗಿ ಒಂದು ದೊಡ್ಡ ಅಂಕಪಟ್ಟಿಯನ್ನು ನಡೆಸುತ್ತಿದೆ. ಒಟ್ಟು ೧೨೦೦ ಅಂಕ. ಆ ಪಟ್ಟಿಯೊಡನೆ ಹೊಂದಿಸಿದ ಪ್ರಾಂತದ ಸೂಚನೆ ಒಂದು ದೊರೆತರೆ ೬೦೦ ಅಂಕ ಒಮ್ಮೆಗೇ ಕೂಡಿಕೊಳ್ಳುತ್ತದೆ. ಜಾಣನೆಂಬುದಕ್ಕೆ ಎಷ್ಟು ಬೆಲೆಯೋ 'ನೀನು ನಮಗೆ ಬೇಕು' ಎಂದು ಒಂದು ಪ್ರಾಂತ ಹೇಳಿದ್ದಕ್ಕೂ ಅಷ್ಟೇ ಬೆಲೆ.

ಮ್ಯಾನಿಟೋಬ ತನ್ನವರನ್ನು ಆರಿಸುವ ಲೆಕ್ಕ ಸ್ವಾರಸ್ಯವಾದುದು. ಅಲ್ಲಿ ನೆಂಟನೋ ಗೆಳೆಯನೋ ಇದ್ದರೆ ಅಂಕ ಹೆಚ್ಚು. ರಾಜಧಾನಿಯಾದ ವಿನಿಪೆಗ್ ನಗರವನ್ನು ಬಿಟ್ಟು ಹೊರಗಿನ ಊರಿನಲ್ಲಿ ನಿಲ್ಲುವೆನೆಂದರೆ ಇನ್ನಷ್ಟು ಅಂಕ. ಆದರೆ ಇಲ್ಲಿ ಯಾರೂ ಇಲ್ಲದೆ ಬೇರೆ ಪ್ರಾಂತದಲ್ಲಿ ಹತ್ತಿರದ ನೆಂಟರಿದ್ದರೆ ಅಂಕ ಕಳೆಯುತ್ತಾರೆ! ಟೊರಾಂಟೊದಲ್ಲಿ ಅಣ್ಣನಿದ್ದಾನೆ ಎಂಬುದನ್ನು ನಾವು ಬಲವೆಂದು ಬಗೆಯುತ್ತೇವೆ. ಅವರು ಅಪಾಯವೆಂದು ಬರೆದುಕೊಳ್ಳುತ್ತಾರೆ. ತಪ್ಪೇನೂ ಅಲ್ಲ. ಹೆಣ್ಣು ಕೊಡುವವರು ವರನಿಗೆ ಬೇರೆಲ್ಲಾದರೂ ಮನಸ್ಸಿದೆಯೇ ಎಂದು ವಿಚಾರಿಸುವುದಿಲ್ಲವೇ?

ಯಾಕೆ ಇಷ್ಟು ವಿಚಾರಣೆ? ೧೯೮೨ರಲ್ಲಿ ಸಂವಿಧಾನದೊಳಗೆ ಸೇರಿದ ಹಕ್ಕುಗಳ ಸನದಿನಲ್ಲಿ ಆರನೆಯದೊಂದು ವಿಧಿಯಿದೆ. ಪ್ರಜೆಯಾಗಲಿ, ಕಾಯಂ ವಾಸದ ಹಕ್ಕು ಪಡೆದವನಾಗಲಿ, ಯಾವ ಪ್ರಾಂತಕ್ಕಾದರೂ ಹೋಗಿ ನೆಲೆಸಬಹುದು, ದುಡಿದು ಬದುಕಬಹುದು ಎಂದು ಅದು ಹೇಳುತ್ತದೆ. ಪ್ರಾಂತದ ಸೂಚನೆ ಪಡೆಯುವವನು 'ಇಲ್ಲಿ ವಾಸಿಸುವ ಉದ್ದೇಶ ನನಗಿದೆ' ಎಂದು ಹೇಳಿರಬೇಕು, ನಿಜ. ಉದ್ದೇಶವಿಲ್ಲದೆ ಹಾಗೆ ಹೇಳಿದ್ದರೆ ಅದು ಸುಳ್ಳು ಹೇಳಿಕೆಯ ಅಪರಾಧ. ಆದರೆ ಇಳಿದ ದಿನ ಇದ್ದ ಉದ್ದೇಶ ಎರಡು ವರ್ಷದ ಮೇಲೆ ಬದಲಾದರೆ? ಕಾನೂನು ಸುಮ್ಮನಾಗುತ್ತದೆ. ನೆಲದ ಕಾನೂನು ಮೂರು ವರ್ಷ ನಿಂತವನಿಗೆ ಹಕ್ಕು ಕೊಡುತ್ತಿತ್ತು. ಇದು ಹಕ್ಕನ್ನು ಮೊದಲು ಕೊಟ್ಟು, ನಿಲ್ಲುವುದನ್ನು ಮನಸ್ಸಿಗೆ ಬಿಡುತ್ತದೆ.

ಆಸ್ಟ್ರೇಲಿಯದವರು ಬೇರೆ ದಾರಿ ಹಿಡಿದರು. ೨೦೧೯ರ ನವೆಂಬರಿನಿಂದ ಅವರು ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ನಗರಗಳನ್ನು ಬಿಟ್ಟು ಉಳಿದ ನಾಡಿಗೆಂದೇ ಐದು ವರ್ಷದ ತಾತ್ಕಾಲಿಕ ವೀಸಾ ಕೊಡಲಾರಂಭಿಸಿದರು. ಹೊರನಾಡಿನಲ್ಲಿ ಮೂರು ವರ್ಷ ನಿಂತು ದುಡಿದು, ತೆರಿಗೆಯ ಪತ್ರಗಳನ್ನು ತೋರಿಸಿದ ಮೇಲೆಯೇ ಕಾಯಂ ಹಕ್ಕು. ಅದು ಹಳೆಯ ೧೬೦ ಎಕರೆಯ ನ್ಯಾಯವೇ. ಕಟ್ಟಿದ ಹಸು ಕೊಟ್ಟಿಗೆಯಲ್ಲಿಯೇ ಇರುತ್ತದೆ. ಹಗ್ಗ ಬಿಚ್ಚಿದ ದಿನ ಎಲ್ಲಿಗೆ ಹೋಗುತ್ತದೆಂಬುದು ಬೇರೆ ಪ್ರಶ್ನೆ.

ಹಣ ತಂದು ಅಂಗಡಿಯನ್ನೋ ಕಾರ್ಖಾನೆಯನ್ನೋ ತೆರೆಯುವ ಉದ್ಯಮಿಗಳ ವಿಷಯದಲ್ಲಿ ಕೆನಡಾ ಕೂಡ ಹಗ್ಗದ ಪಾಠ ಕಲಿಯಿತು. ಅಟ್ಲಾಂಟಿಕ್ ತೀರದ ಪುಟ್ಟ ಪ್ರಾಂತ ಪ್ರಿನ್ಸ್ ಎಡ್ವರ್ಡ್ ದ್ವೀಪ. ಅಲ್ಲಿ ಉದ್ಯಮಿಯಿಂದ ಠೇವಣಿ ಇರಿಸಿಕೊಂಡು ಕಾಯಂ ಹಕ್ಕನ್ನು ಮೊದಲೇ ಕೊಡುತ್ತಿದ್ದರು; ದ್ವೀಪದಲ್ಲಿ ನಿಂತು ಉದ್ಯಮ ನಡೆಸಿದರೆ ಠೇವಣಿ ವಾಪಸು. ಅನೇಕರು ಠೇವಣಿಯನ್ನು ಬಿಟ್ಟು ದೊಡ್ಡ ನಗರಗಳ ಹಾದಿ ಹಿಡಿದರು. ಅವರ ಪಾಲಿಗೆ ಅದು ದಂಡವಲ್ಲ, ಟಿಕೆಟ್ಟಿನ ಬೆಲೆ. ೨೦೧೮ರಲ್ಲಿ ಆ ದಾರಿಯನ್ನು ಮುಚ್ಚಿದರು. ಮೊದಲು ತಾತ್ಕಾಲಿಕ ಪರವಾನಗಿಯ ಮೇಲೆ ಬಂದು, ಒಪ್ಪಿದಂತೆ ಹಣ ತೊಡಗಿಸಿ, ಊರಿನವರಿಗೆ ಕೆಲಸ ಕೊಟ್ಟು ತೋರಿಸಬೇಕು, ಆಮೇಲೆ ಸೂಚನೆ ಎಂಬುದು ಪ್ರಾಂತಗಳಲ್ಲಿ ಸಾಮಾನ್ಯ ಕ್ರಮವಾಗಿದೆ.

ಇನ್ನು ಬ್ರಾಂಡನ್ನಿಗೆ ಬರೋಣ. ವಿನಿಪೆಗ್ಗಿನಿಂದ ಪಡುವಣಕ್ಕೆ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಅಸಿನಿಬೊಯ್ನ್ ನದಿಯ ದಂಡೆ. ಸುಮಾರು ೫೦ ಸಾವಿರ ಜನ. 'ಗೋಧಿಯ ನಗರ' ಎಂಬುದು ಅದರ ಬಿರುದು. ೧೯೯೯ರಲ್ಲಿ ಅಲ್ಲಿ ಹಂದಿಮಾಂಸವನ್ನು ಹದಮಾಡುವ ದೊಡ್ಡ ಕಾರ್ಖಾನೆಯೊಂದು ತೆರೆಯಿತು. ಆ ತಣ್ಣನೆಯ ಹಜಾರದಲ್ಲಿ ದಿನವೆಲ್ಲ ಕತ್ತಿ ಹಿಡಿದು ನಿಲ್ಲಲು ಊರಿನ ಜನ ಸಾಲಲಿಲ್ಲ. ಎಲ್ ಸಾಲ್ವಡಾರ್, ಚೀನ, ಕೊಲಂಬಿಯ, ಮಾರಿಷಸ್ ದೇಶಗಳಿಂದ ಕೆಲಸಗಾರರನ್ನು ತಾತ್ಕಾಲಿಕ ಪರವಾನಗಿಯ ಮೇಲೆ ಕರೆಸಿದರು. ಆರು ತಿಂಗಳು ದುಡಿದವರನ್ನು ಪ್ರಾಂತ ತನ್ನವರೆಂದು ಸೂಚಿಸಿತು. ಹಕ್ಕು ದೊರೆತ ಮೇಲೆ ಅವರು ಹೆಂಡಿರು ಮಕ್ಕಳನ್ನು ಕರೆಸಿಕೊಂಡರು. ಊರಿನ ಶಾಲೆಗಳಲ್ಲಿ ಸ್ಪ್ಯಾನಿಷ್ ಕೇಳಿಸಿತು. ವಲಸೆಯ ಅಂಕಪಟ್ಟಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುವಂಥ ಜನ ಇವರು.

ನನ್ನ ಸೋದರಳಿಯ ಆ ಊರಿಗೆ ಇಳಿದದ್ದು ೨೦೧೯ರಲ್ಲಿ. ಕಾರ್ಖಾನೆಯ ಯಂತ್ರಗಳನ್ನು ದುರಸ್ತಿಮಾಡುವುದು ಅವನ ಕಸುಬು. ಅವನ ಸಹಪಾಠಿಯೊಬ್ಬ ಅಲ್ಲಿದ್ದ. ಅದರಿಂದ ಅಂಕ ಕೂಡಿಬಂದವು. ಇಲ್ಲಿಯ ದಳ್ಳಾಳಿಯೊಬ್ಬ ಕಾಗದ ತುಂಬಿಸುವುದಕ್ಕೆಂದು ದುಡ್ಡು ಕಿತ್ತುಕೊಂಡು, "ಮೊದಲು ಅಲ್ಲಿ ಇಳಿಯಿರಿ, ಮರುದಿನವೇ ಟೊರಾಂಟೊಗೆ ಬಸ್ಸು ಹತ್ತಿ, ಯಾರು ಕೇಳುತ್ತಾರೆ?" ಎಂದು ಬುದ್ಧಿ ಹೇಳಿದ್ದನಂತೆ. ನಮ್ಮ ಹುಡುಗ ಹಾಗೆ ಮಾಡಲಿಲ್ಲ. ೨೦೨೨ರ ಆಗಸ್ಟಿನಲ್ಲಿ ನಾನು ಹೋದಾಗ ಅವನು ಅಲ್ಲಿ ಮೂರು ಚಳಿಗಾಲ ಕಳೆದಿದ್ದ. ಮಗು ಶಾಲೆಗೆ ಹೋಗುತ್ತಿತ್ತು. ಪಕ್ಕದ ಮನೆಯ ಎಂಬತ್ತರ ಮುದುಕಿ ಮಗುವಿಗೆ ಉಣ್ಣೆಯ ಟೋಪಿ ಹೆಣೆದು ಕೊಟ್ಟಿದ್ದರು. ಅವರ ಅಜ್ಜ ಉಕ್ರೇನಿನಿಂದ ಬಂದು ಆ ೧೬೦ ಎಕರೆ ಹಿಡಿದವನು.

ಅವನ ಹೆಂಡತಿ ಮಾತ್ರ ಸುಖವಾಗಿರಲಿಲ್ಲ. ನಮ್ಮ ದೊಡ್ಡ ಆಸ್ಪತ್ರೆಯೊಂದರಲ್ಲಿ ಎಂಟು ವರ್ಷ ನರ್ಸ್ ಆಗಿದ್ದವಳು ಅವಳು. ಅಲ್ಲಿ ಆ ಕೆಲಸಕ್ಕೆ ಪ್ರಾಂತದ ನೋಂದಣಿ ಬೇಕು. ಕಾಗದಗಳ ಪರಿಶೀಲನೆ, ಪರೀಕ್ಷೆ, ಮತ್ತೆ ಕಾಗದ. ವೃದ್ಧರ ಮನೆಯೊಂದರಲ್ಲಿ ಆಯಾ ಕೆಲಸ ಮಾಡುತ್ತ ಕಾಯುತ್ತಿದ್ದಳು. ಹೀಗಿರುವಾಗ ಅವನಿಗೆ ಟೊರಾಂಟೊದ ಬಳಿಯಿಂದ ಕೆಲಸದ ಕರೆ ಬಂದಿತು. ಸಂಬಳ ಹೆಚ್ಚು. ಅವಳ ಅಕ್ಕನೂ ಅದೇ ವರ್ಷ ಅಲ್ಲಿಗೆ ಬಂದಿದ್ದಳು. ನಮ್ಮವರ ಅಂಗಡಿ, ದೇವಸ್ಥಾನ, ಕನ್ನಡ ಸಂಘ ಎಲ್ಲ ಅಲ್ಲಿ.

ಆ ರಾತ್ರಿ ಊಟವಾದ ಮೇಲೆ ಅಡಿಗೆಮನೆಯಲ್ಲಿ ಕುಳಿತಿದ್ದೆವು. "ಕಾನೂನಿನ ಅಡ್ಡಿಯೇನೂ ಇಲ್ಲವಲ್ಲ, ಯಾಕೆ ಯೋಚಿಸುತ್ತೀಯೆ?" ಎಂದೆ.

"ಕಾನೂನು ಅಡ್ಡ ಬಂದಿದ್ದರೆ ಚೆನ್ನಾಗಿತ್ತು ಮಾವ," ಎಂದ. "ಇಲ್ಲಿರುತ್ತೇನೆ ಅಂತ ಬರೆದುಕೊಟ್ಟಿದ್ದೆ. ನಿಜವಾಗಿಯೂ ಅದೇ ಮನಸ್ಸಿನಿಂದ ಬರೆದಿದ್ದೆ. ನನ್ನನ್ನು 'ಬಾ' ಅಂತ ಕರೆದ ಊರು ಪ್ರಪಂಚದಲ್ಲಿ ಇದೊಂದೇ. ನಮ್ಮೂರು ನನ್ನನ್ನು ಒಂದು ದಿನವಾದರೂ 'ಇರು' ಅಂತ ಕೇಳಿತ್ತೇ?"

ನಾನು ಉತ್ತರ ಕೊಡಲಿಲ್ಲ. ನಮ್ಮದು ಒಂದು ತಾಲ್ಲೂಕು ಪಟ್ಟಣ. ನಲವತ್ತು ವರ್ಷ ಅಲ್ಲಿ ಪಾಠ ಹೇಳಿದ ನಾನು ಜಾಣ ಹುಡುಗರಿಗೆಲ್ಲ ಹೇಳಿದ್ದು ಒಂದೇ ಮಾತು: 'ಇಲ್ಲೇನಿದೆ? ಬೆಂಗಳೂರಿಗೆ ಹೋಗು.' ಅವನಿಗೂ ಅದನ್ನೇ ಹೇಳಿದ್ದೆ.

ಮರುದಿನ ಅವನು ನೆರೆಮನೆಯ ಮುದುಕಿಯ ಮುಂದೆ ಸಂಕೋಚದಿಂದಲೇ ವಿಷಯ ತೆಗೆದ. ನಾನೂ ಜೊತೆಗಿದ್ದೆ. ಆಕೆ ಹೆಣಿಗೆಯಿಂದ ಕಣ್ಣೆತ್ತಲಿಲ್ಲ. "ನನ್ನ ಅಜ್ಜನ ಜೊತೆ ಬಂದು ನೆಲ ಹಿಡಿದವರಲ್ಲಿ ಎಷ್ಟೋ ಜನ ಮೊದಲ ಚಳಿಗೇ ಬಿಟ್ಟು ಹೋದರು," ಎಂದರು. "ಅವರನ್ನು ಯಾರೂ ಮೋಸಗಾರರೆನ್ನಲಿಲ್ಲ. ನನ್ನ ಇಬ್ಬರು ಮಕ್ಕಳೂ ಕ್ಯಾಲ್ಗರಿಯಲ್ಲಿದ್ದಾರೆ. ನನ್ನ ಮಕ್ಕಳನ್ನೇ ಹಿಡಿದಿಡಲಾಗದ ಊರು ನಿನ್ನನ್ನು ಹೇಗೆ ಹಿಡಿದಿಟ್ಟೀತು?" ಸ್ವಲ್ಪ ತಡೆದು, "ಹೋಗುವುದಾದರೆ ಹಿಮ ಬೀಳುವ ಮೊದಲು ಹೋಗು, ದಾರಿ ಒಳ್ಳೆಯದಲ್ಲ," ಎಂದರು.

ಅವರು ಹೋದದ್ದು ಮರುವರ್ಷದ ಬೇಸಿಗೆಯಲ್ಲಿ, ೨೦೨೩ರಲ್ಲಿ. ಅದನ್ನು ತಪ್ಪೆನ್ನಲೋ ಸರಿಯೆನ್ನಲೋ ನನಗೆ ಇಂದಿಗೂ ತಿಳಿಯದು. ಒಂದು ಮಾತು ಮಾತ್ರ ತಿಳಿಯಿತು. ಊರು ಕರೆದದ್ದು ಯಂತ್ರ ರಿಪೇರಿಯವನನ್ನು. ಬಂದದ್ದು ಒಂದು ಸಂಸಾರ. ಅವನಿಗೆ ೬೦೦ ಅಂಕ ಕೊಟ್ಟು ಕರೆದವರು ಅವಳ ಎಂಟು ವರ್ಷದ ಶುಶ್ರೂಷೆಗೆ ಒಂದು ಕುರ್ಚಿ ಕೊಡಲು ಮೂರು ವರ್ಷ ತಡೆದರು. ಅವಳ ಕೆಲಸ ಕುದುರಿದ್ದರೆ ಅವರು ನಿಲ್ಲುತ್ತಿದ್ದರೆಂದೇ ನನ್ನ ನಂಬಿಕೆ. ಅಟ್ಲಾಂಟಿಕ್ ತೀರದ ನಾಲ್ಕು ಪ್ರಾಂತಗಳು ೨೦೧೭ರಲ್ಲಿ ಪ್ರಯೋಗವಾಗಿ ತೊಡಗಿ ೨೦೨೨ರಲ್ಲಿ ಕಾಯಂ ಮಾಡಿಕೊಂಡ ಯೋಜನೆ ಈ ಗುಟ್ಟನ್ನು ಸ್ವಲ್ಪ ಅರಿತಂತಿದೆ. ಅಲ್ಲಿ ಕೆಲಸ ಕೊಡುವವರನ್ನು ಪ್ರಾಂತವೇ ಮೊದಲು ಗೊತ್ತುಮಾಡುತ್ತದೆ. ಬರುವವನ ಜೊತೆಗೆ ಅವನ ಮನೆಯವರೆಲ್ಲರೂ ಊರಿನಲ್ಲಿ ಹೇಗೆ ನೆಲೆಗೊಳ್ಳಬೇಕೆಂಬ ಯೋಜನೆಯನ್ನೂ ಬರೆದಿಡಬೇಕು. ೨೦೧೯ರಲ್ಲಿ ಬ್ರಾಂಡನ್ ಸೇರಿದಂತೆ ಹನ್ನೊಂದು ಸಣ್ಣ ಊರುಗಳಿಗೆ ತಮ್ಮ ಒಕ್ಕಲನ್ನು ತಾವೇ ಶಿಫಾರಸು ಮಾಡುವ ಅವಕಾಶ ದೊರೆಯಿತು. ಅದು ೨೦೨೪ರಲ್ಲಿ ಮುಗಿದು, ೨೦೨೫ರಲ್ಲಿ ಹದಿನಾಲ್ಕು ಊರುಗಳೊಡನೆ ಹೊಸದಾಗಿ ಆರಂಭವಾಯಿತು.

ಕರೆಯುವ ಧ್ವನಿ ಯಾವಾಗಲೂ ಒಂದೇ ಸಮನಾಗಿರುವುದಿಲ್ಲ. ಮನೆಗಳ ಬಾಡಿಗೆ ಏರಿ ಜನ ಗೊಣಗತೊಡಗಿದಾಗ, ಪ್ರಾಂತಗಳು ಸೂಚಿಸಬಹುದಾದವರ ರಾಷ್ಟ್ರೀಯ ಗುರಿಯನ್ನು ಕೇಂದ್ರ ಸರ್ಕಾರ ೨೦೨೫ಕ್ಕೆ ೫೫ ಸಾವಿರಕ್ಕೆ ಇಳಿಸಿತು; ಮೊದಲು ಹಾಕಿಕೊಂಡಿದ್ದುದರ ಅರ್ಧ ಅದು. ಊರು ಬಾ ಎನ್ನುತ್ತಿರುವಾಗಲೇ ರಾಜಧಾನಿ ತಾಳು ಎನ್ನುತ್ತದೆ. ನಡುವೆ ತಾತ್ಕಾಲಿಕ ಪರವಾನಗಿ ಹಿಡಿದು ನಿಂತವನ ಪಾಡು ಹೊಸ್ತಿಲ ಮೇಲೆ ನಿಂತವನ ಪಾಡು. ಮಕ್ಕಳನ್ನು ಕಳಿಸುವ ತಂದೆತಾಯಿಗಳು ಇದನ್ನು ಮನಸ್ಸಿನಲ್ಲಿಟ್ಟಿರಬೇಕು. ದಳ್ಳಾಳಿಯ ಮಾತನ್ನು ನಂಬಿ ಉದ್ದೇಶದ ಅಂಕಣದಲ್ಲಿ ಸುಳ್ಳು ಬರೆಯುವುದು ಕಾನೂನಿಗೆ ಮಾತ್ರ ಅಪರಾಧವಲ್ಲ. ಅದು ಮುಂದೆ ನಿಜ ಬರೆಯುವವನ ದಾರಿಗೂ ಮುಳ್ಳು ಹಾಕುತ್ತದೆ.

ಕಳೆದ ಚಳಿಗಾಲದಲ್ಲಿ ಸೋದರಳಿಯ ಟೊರಾಂಟೊದಿಂದ ಮಾತಾಡಿದ. ಅವನ ಹೆಂಡತಿಗೆ ಕೊನೆಗೂ ನರ್ಸ್ ಕೆಲಸ ಸಿಕ್ಕಿದೆ. ಮಗು ಕನ್ನಡ ಸಂಘದಲ್ಲಿ ಹಾಡು ಹೇಳಿತಂತೆ. ಎಲ್ಲ ಹೇಳಿ ಮುಗಿಸಿ, "ನಮ್ಮೂರಲ್ಲಿ ಈ ಸಲ ವಿಪರೀತ ಹಿಮ ಮಾವ, ಅಜ್ಜಿಯ ಮನೆಯ ಮುಂದೆ ಗುಡಿಸುವವರು ಯಾರಿದ್ದಾರೋ," ಎಂದ.

ಯಾವ ಊರು ಎಂದು ಅರಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಅವನು ಹೇಳಿದ್ದು ಬ್ರಾಂಡನ್ನಿನ ಮಾತು. ಹುಟ್ಟಿದ ಊರಿಗೂ ಈಗಿರುವ ಊರಿಗೂ ಅಲ್ಲ, ಕರೆದ ಊರಿಗೆ ಅವನು 'ನಮ್ಮೂರು' ಎಂದಿದ್ದ.

ನಾನೀಗ ಬೆಳಿಗ್ಗೆ ನಮ್ಮ ಪಟ್ಟಣದ ಬಸ್ ನಿಲ್ದಾಣದ ಕಡೆ ತಿರುಗಾಡಲು ಹೋಗುತ್ತೇನೆ. ಬೆಂಗಳೂರಿನ ಮೊದಲ ಬಸ್ಸಿಗೆ ಹೆಗಲಿಗೆ ಚೀಲ ಹಾಕಿದ ಹುಡುಗರು ಕಾಯುತ್ತಿರುತ್ತಾರೆ. ಕೆಲವರು ನನ್ನ ಶಿಷ್ಯರ ಮಕ್ಕಳು, ನಮಸ್ಕಾರ ಮಾಡುತ್ತಾರೆ. 'ಹೋಗಿ ಬಾ' ಎನ್ನುತ್ತೇನೆ. ಒಬ್ಬನಿಗಾದರೂ 'ಇರು' ಎನ್ನಬೇಕೆಂದು ಬಾಯಿಗೆ ಬರುತ್ತದೆ. ಇರು ಎಂದರೆ, ಏನನ್ನು ನಂಬಿಕೊಂಡು ಇರಲಿ ಎಂದು ಅವನು ಕೇಳಿಯಾನು. ಆ ಪ್ರಶ್ನೆಗೆ ಉತ್ತರ ಸಿದ್ಧಮಾಡಿಕೊಂಡ ಮೇಲೆ ಅಲ್ಲವೇ ಯಾವ ಊರಾದರೂ ಬಾಗಿಲಿಗೆ ಹಲಗೆ ತೂಗುಹಾಕಬೇಕಾದುದು?